ಲಕ್ಷ್ಯವನ್ನು ಮರೆತ ಲಕ್ಷಣ

ಕವಿಗಳೂ ಕಾದಂಬರಿಕಾರರೂ ಸೇರಿದೆಡೆಯಲ್ಲೆಲ್ಲ ಕೇಳಿಬರುವ ದೂರೊಂದುಂಟು: ವಿಶ್ವವಿದ್ಯಾಲಯದ ವಿಮರ್ಶಕರ ಮಾತು ತಮಗೆ ತಿಳಿಯದು, ತಮ್ಮ ಕೃತಿಗೂ ಆ ಮಾತಿಗೂ ಸಂಬಂಧವಿಲ್ಲ ಎಂಬುದು. ಅಧ್ಯಾಪಕರ ಉತ್ತರವೂ ಸಿದ್ಧವಾಗಿದೆ: ಬರೆದವನಿಗೆ ಬರಹದ ಮರ್ಮ ತಿಳಿದಿರಲೇಬೇಕೆಂಬ ನಿಯಮವಿಲ್ಲ. ಪ್ರಸಾದನಿಲಯದಲ್ಲಿದ್ದು ಕಾಲೇಜಿನಲ್ಲಿ ಸಾಹಿತ್ಯ ವ್ಯಾಸಂಗ ಮಾಡಿದ ನಿಮ್ಮಲ್ಲಿ ಅನೇಕರು ಈ ಎರಡರ ನಡುವೆ ಸಿಕ್ಕಿಕೊಂಡವರೇ. ಪರೀಕ್ಷೆಗೆಂದು ಸಿದ್ಧಾಂತದ ಟಿಪ್ಪಣಿಯನ್ನು ಬಾಯಿಪಾಠ ಮಾಡಿ, ಮೂಲ ಕಾವ್ಯವನ್ನು ಬಿಡುವಾದಾಗ ಓದೋಣವೆಂದು ಬದಿಗಿಟ್ಟವರು ಎಷ್ಟು ಮಂದಿಯೋ! ಈ ಬಿರುಕು ಶಾಸ್ತ್ರದ ಹುಟ್ಟುಗುಣವೋ, ನಡುವೆ ಬಂದ ರೋಗವೋ ಎಂಬುದನ್ನು ವಿಚಾರಿಸಬೇಕಾಗಿದೆ.

ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ವನ್ನು ರಚಿಸಿದನು. ವಾಚ್ಯಾರ್ಥಕ್ಕಿಂತ ಭಿನ್ನವಾದ ವ್ಯಂಗ್ಯಾರ್ಥವೊಂದುಂಟೆಂದು ಸ್ಥಾಪಿಸಲು ಅವನು ಮೊದಲು ಎತ್ತಿಕೊಳ್ಳುವ ಉದಾಹರಣೆ ಯಾವುದು ಬಲ್ಲಿರಾ? ವೇದವಲ್ಲ, ಪುರಾಣವಲ್ಲ, ಹಾಲನ ‘ಗಾಥಾಸಪ್ತಶತಿ’ಯ ಒಂದು ಪ್ರಾಕೃತ ಗಾಥೆ. ಗೋದಾವರಿಯ ದಡದ ಪೊದೆಗಳು ಹೆಣ್ಣೊಬ್ಬಳ ಸಂಕೇತಸ್ಥಳ. ಧಾರ್ಮಿಕನೊಬ್ಬನ ಓಡಾಟದಿಂದ ಅವಳಿಗೆ ತೊಂದರೆ. ನಿನ್ನನ್ನು ಕಾಡುತ್ತಿದ್ದ ನಾಯಿ ಸತ್ತಿತು, ಇನ್ನು ನಿಶ್ಚಿಂತೆಯಾಗಿ ತಿರುಗಾಡು ಎನ್ನುತ್ತಾಳೆ. ಅದನ್ನು ಕೊಂದದ್ದು ಅಲ್ಲಿಯೇ ನೆಲೆಸಿರುವ ಸಿಂಹವೆಂದೂ ಸೇರಿಸುತ್ತಾಳೆ. ಬಾಯಲ್ಲಿ ಆಹ್ವಾನ, ಭಾವದಲ್ಲಿ ನಿಷೇಧ. (ಪೂಜೆಗೆ ಹೂವೆತ್ತುವ ನಮ್ಮಂಥವರಿಗೆ ಈ ಗಾಥೆ ಅಷ್ಟೇನೂ ಅನುಕೂಲವಾದುದಲ್ಲ, ಆದರೂ ಅದರ ಜಾಣ್ಮೆಗೆ ತಲೆದೂಗದಿರಲಾಗದು.)

ಮುಂದೆ ಮಹಿಮಭಟ್ಟನು ‘ವ್ಯಕ್ತಿವಿವೇಕ’ದಲ್ಲಿ ಧ್ವನಿಯನ್ನೇ ಅಲ್ಲಗಳೆದು, ಇದು ಕೇವಲ ಅನುಮಾನ ಪ್ರಮಾಣವೆಂದನು. ‘ಕಾವ್ಯಪ್ರಕಾಶ’ದ ಮಮ್ಮಟನು ಬಿಡಲಿಲ್ಲ. ಅಂಜುಬುರುಕನೂ ಗುರುವಿನ ಅಪ್ಪಣೆಯಿಂದಲೋ ಪ್ರಿಯೆಯ ಮೇಲಿನ ಅನುರಾಗದಿಂದಲೋ ಭಯದ ತಾಣಕ್ಕೆ ಹೋಗಬಹುದು. ಮೇಲಾಗಿ ಸಿಂಹವಿದೆಯೆಂಬುದಕ್ಕೆ ಆಕೆಯ ಮಾತಲ್ಲದೆ ಬೇರೆ ಆಧಾರವೇನು, ಆ ಮಾತನ್ನು ನಂಬುವುದು ಹೇಗೆ ಎಂದು ಕೇಳಿದನು. ನೋಡಿರಿ, ಇದು ಶುಷ್ಕ ತರ್ಕದಂತೆ ತೋರಿದರೂ ನಮ್ಮನ್ನು ಮತ್ತೆ ಆ ಹೆಣ್ಣಿನ ಸುಳ್ಳಿನ ಎದುರಿಗೇ ತಂದು ನಿಲ್ಲಿಸುತ್ತದೆ. ಪಂಡಿತರು ತಲೆಮಾರುಗಳ ಕಾಲ ಕಾದಾಡಿದರು. ಗಾಥೆ ಮಾತ್ರ ಕಣ್ಮರೆಯಾಗಲಿಲ್ಲ.

ಈಚಿನ ಪಾಶ್ಚಾತ್ಯ ಸಿದ್ಧಾಂತಗಳ ಮೇಲೆ ಲೇಖಕರಿಗಿರುವ ಕೋಪಕ್ಕೆ ಮುಖ್ಯ ಕಾರಣ, 1967ರಲ್ಲಿ ಫ್ರಾನ್ಸಿನ ರೋಲಾಂ ಬಾರ್ತ್ ಸಾರಿದ ‘ಕರ್ತೃವಿನ ಮರಣ’. ನಮಗೆ ಈ ಕೋಪ ಅನವಶ್ಯಕವೆನಿಸುತ್ತದೆ. ನಮ್ಮ ಆಲಂಕಾರಿಕರೂ ಗಾಥೆಯನ್ನು ಕಟ್ಟಿದವರ ಜೀವನಚರಿತ್ರೆಯನ್ನು ಹುಡುಕಲಿಲ್ಲ. ಅದೇ ಬಾರ್ತ್ 1970ರಲ್ಲಿ ಬಾಲ್ಜಾಕನ ಒಂದೇ ಕಥೆಯನ್ನು 561 ತುಣುಕುಗಳಾಗಿ ಬಿಡಿಸಿ, ಒಂದೊಂದನ್ನೂ ಓದಿ ತೋರಿಸಿದನು. ಅವನ ಹೆಸರು ಹೇಳುವ ಎಷ್ಟು ಪ್ರಬಂಧಗಳಲ್ಲಿ ಈ ತಾಳ್ಮೆಯಿದೆ? ಸಿದ್ಧಾಂತವು ಸಿದ್ಧಾಂತವನ್ನೇ ಉದ್ಧರಿಸುತ್ತ ಸಾಗಿ, ಕವಿತೆ ಅಡಿಟಿಪ್ಪಣಿಗೆ ಇಳಿಯುವುದೇ ನಿಜವಾದ ಅಪಚಾರ. ಅಲ್ಲಿ ಲೇಖಕರ ದೂರು ನ್ಯಾಯವಾದುದು.

ಹಾಗೆಂದು ಶಾಸ್ತ್ರವೇ ಬೇಡವೆನ್ನುವ ಲೇಖಕರನ್ನೂ ಒಪ್ಪಲಾಗದು. ನಾಟಕಕಾರನೂ ಆಗಿದ್ದ ರಾಜಶೇಖರನು ರಚಿಸುವ ಶಕ್ತಿಯನ್ನು ಕಾರಯಿತ್ರಿಯೆಂದೂ ಸವಿಯುವ ಶಕ್ತಿಯನ್ನು ಭಾವಯಿತ್ರಿಯೆಂದೂ ಕರೆದು, ಎರಡನ್ನೂ ಪ್ರತಿಭೆಯ ಭೇದಗಳೆಂದೇ ಎಣಿಸಿದನು. ಏನೂ ರುಚಿಸದವರು, ಹುಲ್ಲುಸಹಿತ ನುಂಗುವವರು, ಮತ್ಸರಿಗಳು, ತತ್ತ್ವನಿಷ್ಠರು ಎಂದು ವಿಮರ್ಶಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ಅವನಲ್ಲಿಯ ಕವಿಯ ನೋವೂ ಇಣುಕುತ್ತದೆ.

ಆನಂದವರ್ಧನನ ವಿಷಯ ಇನ್ನೂ ಸ್ವಾರಸ್ಯಕರ. ಶಬ್ದಚಮತ್ಕಾರವೇ ಪ್ರಧಾನವಾದ ಚಿತ್ರವನ್ನು ಅವನು ನಿಜವಾದ ಕಾವ್ಯವಲ್ಲ, ಕಾವ್ಯದ ಅನುಕರಣವೆಂದು ಬದಿಗೆ ಸರಿಸಿದನು. ಅವನದೇ ‘ದೇವೀಶತಕ’ವಾದರೋ ಯಮಕ, ಬಂಧಗಳಿಂದ ಇಡಿಕಿರಿದಿದೆ! ಇದನ್ನು ಕಂಡು ನಗುವವರಿದ್ದಾರೆ, ನಾವು ನಗಲಾರೆವು. ದೇವಿಯ ಮುಂದೆ ನಿಂತಾಗ ಅಕ್ಷರಗಳನ್ನು ಹೂವಿನಂತೆ ಕಟ್ಟಬೇಕೆನಿಸಿತು, ಕಟ್ಟಿದನು. ಆ ಮಾಲೆಗೆ ಮೇಲಿನ ಪೀಠವನ್ನು ದೊರಕಿಸಲು ತನ್ನ ಶಾಸ್ತ್ರವನ್ನು ಮಾತ್ರ ಬಗ್ಗಿಸಲಿಲ್ಲ.