ಸೊಗಡು ಎಂಬ ಸಣ್ಣ ಹೊಗಳಿಕೆ

ಗೀತಾ ನಾಗಭೂಷಣ ಅವರ ಬಗ್ಗೆ ಬರೆದ ಲೇಖನಗಳು ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತವೆ. ಗುಲಬರ್ಗಾದ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕನ ಮಗಳು, ಕಚೇರಿಯಲ್ಲಿ ಗುಮಾಸ್ತೆ, ಆಮೇಲೆ ಅಧ್ಯಾಪಕಿ. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಆ ಗೌರವ ಪಡೆದ ಮೊದಲ ಕನ್ನಡ ಲೇಖಕಿ. 2010ರಲ್ಲಿ ಗದುಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ. ಇಷ್ಟನ್ನು ಗೌರವದಿಂದ ಹೇಳಿದ ಮೇಲೆ ಕೃತಿಗಳಿಗೆ ಉಳಿಯುವುದು ಎರಡು ಮಾತು. ಮೊದಲ ಕಾದಂಬರಿಗಳು ಜನಪ್ರಿಯ ಮಾದರಿಯವು, ಅವನ್ನು ಬಿಡೋಣ. ‘ಬದುಕು’ ಕಲಬುರಗಿ ಸೀಮೆಯ ಭಾಷೆಯ ಸೊಗಡಿನಿಂದ ಗೆದ್ದ ಕೃತಿ, ಅದನ್ನು ಮೆಚ್ಚೋಣ. ಈ ಎರಡೂ ತೀರ್ಮಾನಗಳು ತಪ್ಪು ಎಂದು ನಾನು ನಂಬಿದ್ದೇನೆ. ಒಂದು ತಪ್ಪು ಇನ್ನೊಂದಕ್ಕೆ ಆಸರೆಯಾಗಿ ನಿಂತಿದೆ.

ತಾಂಡೂರಿನ ಪಕ್ಕದ ನಮ್ಮ ಯಾಲಾಲದಲ್ಲಿ ಕೂತು ಓದುವವರಿಗೆ ಇದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. 1956ರ ನವೆಂಬರ್ ತನಕ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲೂಕು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಡಂಗಲ್ಲಿನ ಜೊತೆ ಅದು ಆಂಧ್ರಕ್ಕೆ ಸೇರಿತು; ಈಗ ತೆಲಂಗಾಣ. ಗಡಿ ಸರಿದರೂ ಕಾಗಿಣಾ ನದಿ ಈ ಕಡೆಯಿಂದ ಆ ಕಡೆಗೇ ಹರಿದು ಮಳಖೇಡದ ಕೋಟೆಯ ಮಗ್ಗುಲಿಗೆ ಹೋಗುತ್ತದೆ. ಗೀತಾ ನಾಗಭೂಷಣರ ಹೆಂಗಸರು ಆಡುವ ಮಾತು ಇಲ್ಲಿ ಅಡುಗೆಮನೆಯಲ್ಲೂ ತೊಗರಿ ಹೊಲದಲ್ಲೂ ಕೇಳುವ ಮಾತೇ. ಅದನ್ನು ಬಣ್ಣವೆಂದೋ ಘಮವೆಂದೋ ಮೆಚ್ಚುವುದು ನಮಗೆ ಸಾಧ್ಯವಿಲ್ಲ. ಆ ಮಾತು ಕಾದಂಬರಿಯಲ್ಲಿ ಏನು ಕೆಲಸ ಮಾಡುತ್ತದೆ ಎಂದು ಕೇಳುವುದಷ್ಟೇ ಸಾಧ್ಯ.

ಕೆಲಸದ ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಈ ಸೀಮೆಯ ಕನ್ನಡದಲ್ಲಿ ‘ಅಳಲಾಕತ್ತಾಳ’, ‘ಹೊಡೀಲಾಕತ್ತ’, ‘ಬಯ್ಯಲಾಕತ್ತಾರ’ ಎಂಬ ರೂಪಗಳಿವೆ. ಕ್ರಿಯೆ ಹತ್ತಿಕೊಂಡಿತು ಎಂದು ಇವು ಹೇಳುತ್ತವೆ. ಮುಗಿಯಿತು ಎಂದು ಹೇಳುವುದಿಲ್ಲ. ಯಾವತ್ತೋ ತಿಂದ ಏಟನ್ನು ನೆನೆಯುವಾಗಲೂ ನಮ್ಮ ಹೆಂಗಸರ ಬಾಯಲ್ಲಿ ಗಂಡ ‘ಹೊಡೀಲಾಕತ್ತ’. ಅವನು ನಿಲ್ಲಿಸಿದ್ದು ಯಾವಾಗ ಎಂಬುದು ವಾಕ್ಯದಲ್ಲಿ ಇರುವುದಿಲ್ಲ. ಪುಸ್ತಕದ ಕನ್ನಡದಲ್ಲಿ ‘ಹೊಡೆದನು’ ಎಂದೊಡನೆ ಘಟನೆ ಮುಚ್ಚಿಹೋಗುತ್ತದೆ, ಓದುಗ ಮುಂದಿನ ಘಟನೆಗೆ ಹೋಗಬಹುದು. ಇಲ್ಲಿ ಆ ಬಿಡುಗಡೆ ಇಲ್ಲ. ಹಿಂದಿನ ಸಂಕಟ ಮುಗಿಯುವ ಮುಂಚೆ ಮುಂದಿನದು ಹತ್ತಿಕೊಳ್ಳುತ್ತದೆ.

‘ಬದುಕು’ ಕಾದಂಬರಿಯ ಗಾತ್ರದ ಬಗ್ಗೆ, ಸಂಕಟದ ಮೇಲೆ ಸಂಕಟ ಪೇರಿಸುವುದರ ಬಗ್ಗೆ ದೂರುವವರು ಇದನ್ನು ಗಮನಿಸಬೇಕು. ಹಸಿವು, ಸಾಲ, ದೇವರ ಹೆಸರಲ್ಲಿ ಬಿಟ್ಟ ಹೆಣ್ಣು, ಮೇಲ್ಜಾತಿಯವರ ಹಕ್ಕುದಾರಿಕೆ: ಇವು ಅಲ್ಲಿ ಒಂದಾದ ಮೇಲೊಂದು ಬರುವ ಘಟನೆಗಳಲ್ಲ, ಒಟ್ಟಿಗೇ ನಡೆಯುತ್ತಿರುವ ಸ್ಥಿತಿಗಳು. ಕಾದಂಬರಿ ಹಿಗ್ಗುವುದು ಆ ಮಾತಿನ ವ್ಯಾಕರಣದ ಒತ್ತಡದಿಂದ. ಬೈಗುಳಗಳೂ ಹಾಗೆಯೇ. ಅವನ್ನು ಧೈರ್ಯವೆಂದು ಹೊಗಳಿದವರಿದ್ದಾರೆ, ಅಶ್ಲೀಲವೆಂದು ತೆಗಳಿದವರೂ ಇದ್ದಾರೆ. ಹೊಲ, ಕೋರ್ಟು, ಪಂಚಾಯಿತಿ ಯಾವುದೂ ಕೈಯಲ್ಲಿಲ್ಲದ ಹೆಂಗಸಿಗೆ ನಡುಬೀದಿಯಲ್ಲಿ ನಿಂತು ಹಾಕುವ ಶಾಪ ಒಂದೇ ಅಹವಾಲು. ಲೇಖಕಿ ಅದನ್ನು ಪೂರ್ತಿ ಆಡಲು ಬಿಡುತ್ತಾರೆ. ನಡುವೆ ತಾವೇ ಬಂದು ಅನ್ಯಾಯವನ್ನು ವಿವರಿಸತೊಡಗಿದಾಗ ಮಾತ್ರ ಬರವಣಿಗೆ ಸಡಿಲವಾಗುತ್ತದೆ. ಈ ದೋಷ ಅವರಲ್ಲಿದೆ. ಹೇಳಬೇಕಾದದ್ದನ್ನು ಪಾತ್ರ ಆಗಲೇ ಹೇಳಿ ಮುಗಿಸಿರುತ್ತದೆ.

ಈ ಕೈಚಳಕ ಬಂದದ್ದೆಲ್ಲಿಂದ? ಜನಪ್ರಿಯವೆಂದು ಪಕ್ಕಕ್ಕಿಟ್ಟ ಆ ಕಾದಂಬರಿಗಳಿಂದಲೇ. ಮೊದಲನೆಯದಾದ ‘ತಾವರೆಯ ಹೂವು’ ಬಂದದ್ದು 1968ರಲ್ಲಿ. ‘ಸಂಸ್ಕಾರ’, ‘ವಂಶವೃಕ್ಷ’ ಎರಡೂ 1965ರಲ್ಲಿ ಬಂದು, ಗಂಭೀರ ಕಾದಂಬರಿ ಎಂದರೆ ಹೇಗಿರಬೇಕು ಎಂಬ ಚರ್ಚೆ ಮೈಸೂರು ಧಾರವಾಡಗಳಲ್ಲಿ ಕಾವೇರಿದ್ದ ಕಾಲ. 1942ರಲ್ಲಿ ಸವಳಗಿಯಲ್ಲಿ ಹುಟ್ಟಿದ ಗೀತಾ ಅವರು ಬೆಳೆದದ್ದು ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿದ್ದ ನಿಜಾಮರ ಸಂಸ್ಥಾನದ ಕೊನೆಯ ವರ್ಷಗಳಲ್ಲಿ. 1948ರ ನಂತರ ಕನ್ನಡ ಶಾಲೆಗೆ ದಾರಿ ತೆರೆದಾಗ ಒಳಗೆ ಬಂದ ತಳಸಮುದಾಯದ ಹೆಣ್ಣುಮಕ್ಕಳ ಮೊದಲ ತಲೆಮಾರಿನವರು ಅವರು. ಅವರಿಗೆ ಸಾಹಿತ್ಯವಲಯ ಎಂಬುದು ಕೈಗೆಟುಕುವ ದೂರದಲ್ಲಿ ಇರಲಿಲ್ಲ. ಇದ್ದದ್ದು ಬಾಡಿಗೆ ಗ್ರಂಥಾಲಯಗಳಿಂದ ಕಾದಂಬರಿ ಒಯ್ಯುವ ಓದುಗರು. ನೌಕರಿ ಮಾಡುತ್ತಲೇ ಓದು ಮುಂದುವರಿಸಿ, ನಾಗರೇಶ್ವರ ಕಾಲೇಜಿನಲ್ಲಿ ಪಾಠ ಹೇಳಿ, ಪ್ರಾಂಶುಪಾಲರಾಗಿ, ಅದರ ನಡುವೆ ಅವರು ಇಪ್ಪತ್ತೈದಕ್ಕೂ ಹೆಚ್ಚು ಕಾದಂಬರಿ ಬರೆದರು. ‘ಹಸಿಮಾಂಸ ಮತ್ತು ಹದ್ದುಗಳು’ ಸಿನಿಮಾ ಕೂಡ ಆಯಿತು. ದಣಿದ ಓದುಗರನ್ನು ಪುಟದಿಂದ ಪುಟಕ್ಕೆ ಒಯ್ಯಬೇಕಾದರೆ ಮಾತಿನಲ್ಲೇ ಕಥೆ ಓಡಬೇಕು. ‘ಬದುಕು’ ಅಷ್ಟು ದೊಡ್ಡದಾಗಿಯೂ ಓಡುವುದು ಆ ಸಾಧನೆಯ ಬಲದಿಂದ. 1968ರಿಂದ ಅಲ್ಲಿಯವರೆಗಿನ ದಾರಿಯನ್ನು ಏಣಿಯ ಹಾಗೆ ನೋಡಿ ಕೆಳಗಿನ ಮೆಟ್ಟಿಲುಗಳನ್ನು ಕಿತ್ತುಹಾಕುವವರು, ಮೇಲಿನದನ್ನು ಯಾವುದರ ಮೇಲೆ ನಿಲ್ಲಿಸುತ್ತಾರೆ?

ನವ್ಯರಿಗೆ ಅವರು ಕಾಣಲಿಲ್ಲ ಎಂಬುದು ಹಳೆಯ ದೂರು, ಅದನ್ನು ಬೆಳೆಸುವುದಿಲ್ಲ. ನನ್ನ ತಕರಾರು ಕಂಡವರ ಜೊತೆ. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ನಂಜನಗೂಡು ಸೀಮೆಯ ಮಾತಿನಲ್ಲಿ ಬಂದಾಗ ನಮ್ಮ ವಿಮರ್ಶೆ ಅದರ ರೂಪವನ್ನು ಕುರಿತು ಯೋಚಿಸಿತು: ನಿರೂಪಣೆ, ಪುರಾಣ, ಲಯ, ಕಾಲ. ಆ ಓದು ಯೋಗ್ಯವಾದದ್ದೇ. ಆ ಕೃತಿ ಅದಕ್ಕೆ ಅರ್ಹ. ಅದೇ ಪ್ರಶ್ನೆಗಳನ್ನು ಕಲಬುರಗಿಯ ಹೆಂಗಸೊಬ್ಬಳ ಕಾದಂಬರಿಗೆ ಕೇಳಲಿಲ್ಲವೇಕೆ? ಒಂದು ಕಡೆ ಆಡುಮಾತು ಕಲೆಯಾಯಿತು, ಇನ್ನೊಂದು ಕಡೆ ದಾಖಲೆಯಾಯಿತು. ಬಂಡಾಯದ ಪರವಾಗಿ ಬರೆದವರೂ ಹೆಚ್ಚಿನಂಶ ಅವರ ಕೃತಿಗಳಿಂದ ಶೋಷಣೆಯ ಸಾಕ್ಷ್ಯ ಎತ್ತಿಕೊಂಡರು, ಬರವಣಿಗೆಯನ್ನು ಮುಟ್ಟಲಿಲ್ಲ. ಸಾಕ್ಷ್ಯವಷ್ಟೇ ಬೇಕಿದ್ದರೆ ಕಾನೂನಿನ ಪುಸ್ತಕ ಸಾಕು. ದೇವದಾಸಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲೂ ಆಂಧ್ರ 1988ರ ಕಾಯ್ದೆಯಲ್ಲೂ ನಿಷೇಧಿಸಿವೆ. ಗಡಿಯ ಆಚೆ ಈಚೆ ಎರಡು ಕಾಯ್ದೆ, ಒಂದೇ ಪದ್ಧತಿ. ಕಾಯ್ದೆ ಹೇಳದ್ದನ್ನು, ಅಂದರೆ ಹಾಗೆ ಬಿಟ್ಟ ಮಗಳ ದುಡಿಮೆಯಲ್ಲಿ ಮನೆ ಉಣ್ಣುವಾಗ ತಾಯಿ ಆಡುವ ಮಾತು ಹೇಗಿರುತ್ತದೆ ಎಂಬುದನ್ನು, ತೋರಿಸಬಲ್ಲದ್ದು ಕಾದಂಬರಿ.

ಈ ತಾರತಮ್ಯ ಹಳೆಯದು. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಇದೇ ಕಾಗಿಣಾ ದಂಡೆಯ ಮಾನ್ಯಖೇಟದ್ದು, ಅಂದರೆ ಇಂದಿನ ಮಳಖೇಡದ್ದು, ಒಂಬತ್ತನೆಯ ಶತಮಾನದ್ದು. ಆದರೆ ಅದು ತಿರುಳ್ಗನ್ನಡದ ನೆಲವೆಂದು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡನ್ನು. ರಾಜಧಾನಿಯ ಸುತ್ತಲಿನವರ ಮಾತು ಆ ಎಣಿಕೆಯಲ್ಲಿ ಬರಲಿಲ್ಲ. ಆ ಹೊರಗಿಟ್ಟ ಮಾತಿನಲ್ಲಿ ದೊಡ್ಡ ಕಾದಂಬರಿಯೊಂದು ಬಂದಾಗ ಅದನ್ನು ಸೊಗಡೆಂದು ಕರೆದು ಮುಗಿಸುವುದು, ಅದೇ ಎಣಿಕೆಯನ್ನು ಇಂದಿಗೂ ಒಪ್ಪಿದಂತೆ.

ಗೀತಾ ನಾಗಭೂಷಣ 2020ರ ಜೂನ್ 28ರಂದು ಕಲಬುರಗಿಯಲ್ಲಿ ತೀರಿಕೊಂಡರು. ನನ್ನ ಮಟ್ಟಿಗೆ ‘ಬದುಕು’ ಕನ್ನಡದ ಮುಖ್ಯ ಕಾದಂಬರಿಗಳಲ್ಲಿ ಒಂದು. ಅದರ ಅರ್ಧದಷ್ಟು ಕಾರಣ ಅದಕ್ಕಿಂತ ಮುಂಚಿನ ಪುಸ್ತಕಗಳಲ್ಲಿದೆ. ಕಲಬುರಗಿಯ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ‘ತಾವರೆಯ ಹೂವು’ ಮೊದಲುಗೊಂಡು ಅವರ ಕಾದಂಬರಿಗಳನ್ನು ಪ್ರಕಟವಾದ ಕ್ರಮದಲ್ಲೇ ಪಾಠಕ್ಕೆ ತೆಗೆದುಕೊಳ್ಳಲಿ. ಸೇಡಂ, ಚಿಂಚೋಳಿಯ ಹುಡುಗಿಯರಿಗೂ ತಾಂಡೂರಿನ ಈಚೆ ತೆಲುಗು ಶಾಲೆಯಲ್ಲಿ ಓದಿ ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳಿಗೂ ಆ ಪುಸ್ತಕಗಳು ಸಿಗುವಂತಾಗಲಿ.