ಮರದ ಸ್ಟಿಕ್ಕರಿನ ಹಿಂದೆ ಏನಿದೆ?

"ನಿಮ್ಮ ಬಜೆಟ್ಟಿಗೆ ನಿಲುಕೋ ಅತ್ಯುತ್ತಮ ಗಾಡಿಯನ್ನೇ ತಗೊಳ್ಳಿ." ಹಳೇ ಕಾರಿನ ಹುಚ್ಚು ಹತ್ತಿದವರಿಗೆಲ್ಲ ಸಿಗುವ ಮೊದಲ ಸಲಹೆ ಇದು. ತಪ್ಪೇನಿಲ್ಲ. ಆದರೆ ಮೊದಲ ಸಲ ಕೊಳ್ಳುವವನಿಗೆ 'ಅತ್ಯುತ್ತಮ' ಯಾವುದು ಅಂತ ಗೊತ್ತಿದ್ದಿದ್ದರೆ ಅವನು ಸಲಹೆಯನ್ನೇ ಕೇಳ್ತಿರಲಿಲ್ಲ. ಅದು ಗೊತ್ತಿಲ್ಲದಾಗ ಆಗೋದು ಇಷ್ಟೇ: ಅತ್ಯಂತ ಹೆಚ್ಚು ಹೊಳೆಯುವ ಗಾಡಿಯೇ ಅತ್ಯುತ್ತಮವಾಗಿ ಕಾಣುತ್ತೆ. ಈ ಮಾತು ಬೇರೆ ಯಾವ ಗಾಡಿಗಿಂತ ಹೆಚ್ಚಾಗಿ ಅನ್ವಯಿಸೋದು ಜೀಪ್ ಗ್ರ್ಯಾಂಡ್ ವ್ಯಾಗನೀರ್‌ಗೆ.

ಊರಲ್ಲಿರುವ ಗೆಳೆಯರಿಗೆ ಒಂದು ಸ್ಪಷ್ಟನೆ. ಇದು ನಮ್ಮ ಮಾರುತಿ ವ್ಯಾಗನ್-ಆರ್ ಅಲ್ಲ ಮಾರಾಯ್ರೆ! ಅಮೆರಿಕದ ಹಳೇ ಸಿನಿಮಾಗಳಲ್ಲಿ ಸಮುದ್ರ ತೀರದ ಶ್ರೀಮಂತರ ಮನೆ ಮುಂದೆ ನಿಂತಿರುತ್ತಲ್ಲ, ಚೌಕಾಕಾರದ, ಪಕ್ಕದಲ್ಲಿ ಮರದ ಹಲಗೆ ಹೊಡೆದಂತೆ ಕಾಣುವ, ಹಡಗಿನಂಥ ಗಾಡಿ, ಅದು. ಇಲ್ಲಿ ಅಮೆರಿಕದಲ್ಲಿ ಕೆಲಸ ಮಾಡಿಕೊಂಡು ಒಂದು ಮನೆ, ಒಂದು ಎಲೆಕ್ಟ್ರಿಕ್ ಕಾರು ಮಾಡಿಕೊಂಡ ನಮ್ಮ ಹುಡುಗ ಹುಡುಗಿಯರಿಗೆ ಈಗ ಎರಡನೇ ಗಾಡಿಯಾಗಿ ಇದರ ಮೇಲೆ ಕಣ್ಣು. ಆಸೆ ಅರ್ಥವಾಗುತ್ತೆ. ಇಡೀ ದಿನ ಸ್ಕ್ರೀನ್ ನೋಡಿದವರಿಗೆ ಸ್ಕ್ರೀನೇ ಇಲ್ಲದ ಗಾಡಿ ಅಂದರೆ ರಜೆ ಸಿಕ್ಕ ಹಾಗೆ. ಆದರೆ ಕೈಬಿಟ್ಟು ಹೋಗೋದು ಹತ್ತಾರು ಸಾವಿರ ಡಾಲರ್. ಹಾಗಾಗಿ ಈ ಗಾಡಿಯನ್ನು ಪೋಸ್ಟರ್ ನೋಡುವ ಕಣ್ಣಿಂದ ಬಿಟ್ಟು ಸ್ವಲ್ಪ ವಿಮರ್ಶೆಯ ಕಣ್ಣಿಂದ ನೋಡೋಣ.

ವ್ಯಾಗನೀರ್ ಬಂದದ್ದು 1963ರ ಮಾಡೆಲ್ ಆಗಿ. ಆಗ ವಿಲ್ಲೀಸ್ ಜೀಪ್ ಕಂಪನಿ ಕೈಸರ್ ಒಡೆತನದಲ್ಲಿತ್ತು. ಅದೇ ವಿಲ್ಲೀಸ್‌ನ ಜೀಪನ್ನು ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಭಾರತದಲ್ಲಿ ಜೋಡಿಸೋಕೆ ಶುರು ಮಾಡಿದ್ದು. ಅಂದರೆ ಮಲೆನಾಡಿನ ತೋಟಗಳಲ್ಲಿ ಗೊಬ್ಬರದ ಮೂಟೆ ಹೊತ್ತ ಜೀಪಿಗೆ ಇದು ಶ್ರೀಮಂತ ಮನೆಗೆ ದತ್ತು ಹೋದ ದಾಯಾದಿ. ವಿನ್ಯಾಸ ಮಾಡಿದವನು ಮಿಲ್ವಾಕಿಯ ಬ್ರೂಕ್ಸ್ ಸ್ಟೀವನ್ಸ್. ಈ ಮನುಷ್ಯನ ಕತೆ ಮಜವಾಗಿದೆ. ಗಿರಾಕಿಗೆ ಅಗತ್ಯಕ್ಕಿಂತ ಸ್ವಲ್ಪ ಮುಂಚೆಯೇ ಹೊಸದನ್ನು ಕೊಳ್ಳುವ ಆಸೆ ಹುಟ್ಟಿಸಬೇಕು ಅನ್ನುವ ವಾದವನ್ನು 1954ರಲ್ಲಿ ಪ್ರಚಾರಕ್ಕೆ ತಂದವನೇ ಅವನು. 'ಯೋಜಿತ ಹಳತಾಗುವಿಕೆ' ಎಂದು ನಾವು ಫೋನ್ ಕಂಪನಿಗಳನ್ನು ಬೈತೀವಲ್ಲ, ಆ ಪದ ಮನೆಮಾತಾಗಿದ್ದು ಅವನಿಂದ. ಅಂಥವನು ಬರೆದ ಗಾಡಿ ಹೆಚ್ಚು ಬದಲಾಗದೆ 1991ರವರೆಗೆ ಒಹಾಯೋದ ಟೊಲಿಡೋದಲ್ಲಿ ತಯಾರಾಗ್ತಾನೇ ಇತ್ತು!

ಇದನ್ನು ಗಾಡಿಯ ಅಮರತ್ವ ಅಂತ ಹೊಗಳೋರೇ ಜಾಸ್ತಿ. ನನಗೆ ಕಾಣೋದು ಬೇರೆ. ಕಂಪನಿ ಕೈಸರ್‌ನಿಂದ 1970ರಲ್ಲಿ ಎಎಂಸಿಗೆ, ಅಲ್ಲಿಂದ 1987ರಲ್ಲಿ ಕ್ರೈಸ್ಲರ್‌ಗೆ ಹೋಯಿತು. ಎಎಂಸಿ ಹತ್ತಿರ ಎಲ್ಲವನ್ನೂ ಹೊಸದಾಗಿ ಮಾಡುವಷ್ಟು ದುಡ್ಡು ಇರಲಿಲ್ಲ. ಹಾಗಾಗಿ ಮೈ ಅದೇ, ಒಳಗಿನ ಅಂಗಾಂಗ ಮಾತ್ರ ಆಗಾಗ ಬೇರೆ. ಮೊದಲು ಕೈಸರ್‌ನದ್ದೇ ಆರು ಸಿಲಿಂಡರಿನ ಟೊರ್ನೇಡೋ ಇಂಜಿನ್. ಆಮೇಲೆ ಎಎಂಸಿಯ ವಿ-8. 1968ರಿಂದ ಕೆಲವು ವರ್ಷ ಬ್ಯೂಕ್‌ನ ವಿ-8. 1970ರ ದಶಕದ ಆರಂಭದಿಂದ ಮತ್ತೆ ಎಎಂಸಿಯದ್ದು, ಮುಖ್ಯವಾಗಿ 5.9 ಲೀಟರಿನ 360. ಆಟೋಮ್ಯಾಟಿಕ್ ಗೇರ್‌ಬಾಕ್ಸ್ 1970ರ ದಶಕದಲ್ಲಿ ಜನರಲ್ ಮೋಟರ್ಸ್‌ದು, 1980ರಿಂದ ಕ್ರೈಸ್ಲರ್‌ದು. ಫೋರ್-ವೀಲ್ ಡ್ರೈವ್ ವ್ಯವಸ್ಥೆಯೂ ಹೀಗೆಯೇ ಕಾಲಕಾಲಕ್ಕೆ ಬದಲಾಗಿದೆ.

ಇದರಿಂದ ಕೊಳ್ಳುವವನಿಗೆ ಸಿಗುವ ಮೊದಲ ಪಾಠ: "ನಾನು ವ್ಯಾಗನೀರ್ ತಗೋತೀನಿ" ಅನ್ನೋದು ಅರ್ಧ ವಾಕ್ಯ. ವರ್ಷ ಹೇಳಿದಾಗ ಮಾತ್ರ ಅದು ಪೂರ್ತಿಯಾಗುತ್ತೆ. 1969ರದ್ದು ಮತ್ತು 1989ರದ್ದು ಹೊರಗಿಂದ ಅಣ್ಣ ತಮ್ಮ, ಬಾನೆಟ್ ಎತ್ತಿದರೆ ಅಪರಿಚಿತರು. ಇನ್ನೊಂದು ಗೊಂದಲ ಇದೆ. 1984ರಲ್ಲಿ ಚಿಕ್ಕದಾದ ಹೊಸ ವ್ಯಾಗನೀರ್ ಬಂತು. ಹಳೇ ದೊಡ್ಡದಕ್ಕೆ 'ಗ್ರ್ಯಾಂಡ್' ಅಂತ ಹೆಸರಿಟ್ಟರು. ಚಿಕ್ಕದಕ್ಕೂ ಅದೇ ಮರದ ಅಲಂಕಾರ ಬರ್ತಿತ್ತು. ಜಾಹೀರಾತಿನಲ್ಲಿ 'ವುಡ್ ಪ್ಯಾನೆಲ್ ವ್ಯಾಗನೀರ್, ಬೆಲೆ ಕಡಿಮೆ' ಅಂತ ಕಂಡರೆ ಯಾವುದು ಅಂತ ಮೊದಲು ನೋಡಿಕೊಳ್ಳಿ. ತಮಾಷೆ ಅಂದರೆ ಹೊಸಾ ಚಿಕ್ಕದು 1990ಕ್ಕೇ ನಿಂತುಹೋಯಿತು, ಹಳೇದು ಇನ್ನೊಂದು ವರ್ಷ ಓಡಿತು.

ಈಗ ಆ ಮರದ ವಿಷಯಕ್ಕೆ ಬರೋಣ. ಅದು ಮರವಲ್ಲ. ಮರದ ಚಿತ್ರವಿರುವ ವಿನೈಲ್ ಹಾಳೆ, ಅಂದರೆ ಸ್ಟಿಕ್ಕರ್. 1978ರಲ್ಲಿ ಚರ್ಮದ ಸೀಟು, ದಪ್ಪ ಕಾರ್ಪೆಟ್ಟು ಹಾಕಿ 'ಲಿಮಿಟೆಡ್' ಅಂತ ದುಬಾರಿ ಆವೃತ್ತಿ ಬಿಟ್ಟರು. ಇವತ್ತು ಎಲ್ಲರ ಕಣ್ಣಲ್ಲಿರುವ ಚಿತ್ರ ಅದರದ್ದೇ. ಶುರುವಿನ ರೇಂಜ್ ರೋವರ್ ಒಳಗೆ ಇನ್ನೂ ನೀರು ಹೊಡೆದು ತೊಳೆಯುವಂಥ ರಬ್ಬರು, ಪ್ಲಾಸ್ಟಿಕ್ ಇದ್ದ ದಶಕದಲ್ಲಿ ಇವರು ಫೋರ್-ವೀಲ್ ಡ್ರೈವ್ ಗಾಡಿಯನ್ನು ಡ್ರಾಯಿಂಗ್ ರೂಮ್ ಮಾಡಿದ್ದರು. ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಆದರೆ ಇವತ್ತು ಮಾರಾಟವಾಗ್ತಿರೋದು ಗಾಡಿಗಿಂತ ಹೆಚ್ಚಾಗಿ ಆ ಡ್ರಾಯಿಂಗ್ ರೂಮಿನ ನೆನಪು. ಅದೂ ಬೇರೆಯವರ ಅಪ್ಪನ ಕಾಲದ ನೆನಪು. ನಮ್ಮ ಅಪ್ಪಂದಿರು ಆಗ ಬಜಾಜ್ ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ತಿದ್ದರು! ಬೇರೆಯವರ ನೆನಪನ್ನು ಕೊಳ್ಳೋದು ಅಪರಾಧವಲ್ಲ. ಆದರೆ ಅದಕ್ಕೆ ಎಷ್ಟು ದುಡ್ಡು, ಕಬ್ಬಿಣಕ್ಕೆ ಎಷ್ಟು ದುಡ್ಡು ಅಂತ ಬೇರೆ ಬೇರೆ ಲೆಕ್ಕ ಹಾಕಬೇಕು. ಪೂರ್ತಿ ರಿಪೇರಿ ಮಾಡಿ ಹೊಳಪು ಕೊಟ್ಟ ಗ್ರ್ಯಾಂಡ್ ವ್ಯಾಗನೀರ್‌ಗೆ ಹೊಸ ಐಷಾರಾಮಿ ಎಸ್‌ಯುವಿಯ ಬೆಲೆ ಕೇಳ್ತಾರೆ. ಆ ಬೆಲೆಯಲ್ಲಿ ದೊಡ್ಡ ಪಾಲು ಸ್ಟಿಕ್ಕರಿನದ್ದು.

ಅಷ್ಟೇ ಅಲ್ಲ, ಸ್ಟಿಕ್ಕರಿನ ಕೆಳಗೇ ತುಕ್ಕು ಅಡಗಿ ಕೂರುತ್ತೆ. ಆದ್ದರಿಂದ ಗಾಡಿ ನೋಡೋಕೆ ಹೋದಾಗ ಇಂಜಿನ್ ಕೇಳುವ ಮುಂಚೆ ಮೈ ನೋಡಿ. ನೋಡುವ ಕ್ರಮ ಹೀಗಿರಲಿ: ಮೊದಲು ನೆಲಕ್ಕೆ ಬಗ್ಗಿ ಫ್ರೇಮ್, ಅದರಲ್ಲೂ ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗದ ಸುತ್ತ ಬಿರುಕು ಇದೆಯಾ ಅಂತ. ಆಮೇಲೆ ಬಾಗಿಲ ಕೆಳಗಿನ ಅಂಚು, ಹಿಂದಿನ ಚಕ್ರದ ಕಮಾನು, ಚಾವಣಿಯ ಅಂಚಿನ ನೀರು ಹರಿಯುವ ಕಾಲುವೆ, ಹಿಂಬಾಗಿಲ ತಳ. ಕೊನೆಗೆ ಕಾರ್ಪೆಟ್ ಎತ್ತಿ ಒಳಗಿನ ನೆಲ. ಒಂದು ಫ್ರಿಜ್ ಮ್ಯಾಗ್ನೆಟ್ ಬಟ್ಟೆಯಲ್ಲಿ ಸುತ್ತಿ ಜೇಬಲ್ಲಿಟ್ಟುಕೊಂಡು ಹೋಗಿ. ಅಂಟದ ಕಡೆ ಕಬ್ಬಿಣ ಹೋಗಿ ಪುಟ್ಟಿ ಕೂತಿದೆ ಅಂತ ಅರ್ಥ. ಮಾರುವವನು ಕಾರ್ಪೆಟ್ ಎತ್ತೋಕೆ ಬಿಡಲ್ಲ ಅಂದರೆ ನಮಸ್ಕಾರ ಹೇಳಿ ಬನ್ನಿ, ಚೌಕಾಸಿ ಬೇಡ.

ಗಾಡಿ ಎಲ್ಲಿ ಬದುಕಿತ್ತು ಅನ್ನೋದೂ ಮುಖ್ಯ. ಮಿಷಿಗನ್, ಒಹಾಯೋ, ನ್ಯೂ ಇಂಗ್ಲೆಂಡ್ ಕಡೆ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕ್ತಾರೆ, ಅದು ಗಾಡಿಯನ್ನು ಕೆಳಗಿಂದ ತಿನ್ನುತ್ತೆ. ಅರಿಜೋನಾದಂಥ ಒಣ ಸೀಮೆಯಲ್ಲಿ ಬಿಸಿಲು ಮೇಲಿಂದ ತಿನ್ನುತ್ತೆ, ಡ್ಯಾಶ್‌ಬೋರ್ಡ್ ಸೀಳುತ್ತೆ, ಸ್ಟಿಕ್ಕರ್ ಸುಲಿಯುತ್ತೆ. ಎರಡರಲ್ಲಿ ಆರಿಸಬೇಕಾದರೆ ಕಣ್ಣು ಮುಚ್ಚಿ ಬಿಸಿಲನ್ನು ಆರಿಸಿ. ಸುಲಿದ ಸ್ಟಿಕ್ಕರ್ ಅಂಟಿಸಬಹುದು, ಕರಗಿದ ಕಬ್ಬಿಣವನ್ನು ಅಂಟಿಸೋಕಾಗಲ್ಲ.

ಇಂಜಿನ್ ವಿಷಯದಲ್ಲಿ ಜನ ಭಯಪಡುವಷ್ಟು ಭಯ ಬೇಡ. ಎಎಂಸಿ 360 ಗಟ್ಟಿ ಜೀವ. ಅದಕ್ಕೆ 1991ರ ಕೊನೆಯ ಗಾಡಿಯವರೆಗೂ ಕಾರ್ಬುರೇಟರೇ ಇತ್ತು, ಲ್ಯಾಪ್‌ಟಾಪ್ ಇಲ್ಲದೆ ರಿಪೇರಿ ಆಗುತ್ತೆ. ಒಂದು ದೌರ್ಬಲ್ಯ ಗೊತ್ತಿರಲಿ: ಆಯಿಲ್ ಪಂಪ್ ಇರೋದು ಮುಂದಿನ ಟೈಮಿಂಗ್ ಕವರ್‌ನ ಒಳಗೇ. ಅದು ಸವೆದರೆ ಇಂಜಿನ್ ಬಿಸಿಯಾದ ಮೇಲೆ ಆಯಿಲ್ ಒತ್ತಡ ಬೀಳುತ್ತೆ. ಹಾಗಾಗಿ ಎರಡು ಸಲ ನೋಡಿ. "ನಾನು ಬರೋ ಮುಂಚೆ ಸ್ಟಾರ್ಟ್ ಮಾಡ್ಬೇಡಿ" ಅಂತ ಫೋನಲ್ಲೇ ಹೇಳಿ, ತಣ್ಣಗಿದ್ದಾಗ ಹೇಗೆ ಏಳುತ್ತೆ ನೋಡಿ. ಆಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಲ್ಲಿ ನಿಲ್ಲಿಸಿ ಒತ್ತಡದ ಮುಳ್ಳು ಎಲ್ಲಿದೆ ನೋಡಿ.

ಸಣ್ಣಪುಟ್ಟದ್ದೇ ನಿಜವಾಗಿ ಪ್ರಾಣ ತಿನ್ನೋದು. ಹಿಂಬಾಗಿಲ ಗಾಜು ಮೋಟರಿನಿಂದ ಕೆಳಗಿಳಿದು ಬಾಗಿಲೊಳಗೆ ಹೋಗುತ್ತೆ, ಅದು ಇಳಿಯದೆ ಬಾಗಿಲು ತೆರೆಯಲ್ಲ. ಮೋಟರು ಕೈಕೊಟ್ಟರೆ ಸಂತೆ ಸಾಮಾನನ್ನೆಲ್ಲ ಸೀಟಿನ ಮೇಲಿಂದ ದಾಟಿಸಬೇಕು. ಮೂರು ಸಲ ಇಳಿಸಿ ಏರಿಸಿ. ಆ ಗಾಜು ಇಳಿಸಿಕೊಂಡು ಓಡಿಸಬೇಡಿ, ಸೈಲೆನ್ಸರಿನ ಹೊಗೆ ಒಳಗೆ ನುಗ್ಗುತ್ತೆ. ಫೋರ್-ವೀಲ್ ಡ್ರೈವ್ ಇದೆ ಅಂತ ಬ್ಯಾಡ್ಜ್ ಹೇಳುತ್ತೆ, ಕೆಲಸ ಮಾಡುತ್ತೆ ಅಂತ ಹೇಳಲ್ಲ. ಮಣ್ಣಿನ ಜಾಗ ಹುಡುಕಿ ಹಾಕಿ ನೋಡಿ. ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತ ಇರಬೇಕು. ಸದಾ ನಾಲ್ಕೂ ಚಕ್ರ ಓಡುವ ವ್ಯವಸ್ಥೆಯಲ್ಲಿ ಬೇರೆ ಬೇರೆ ಟೈರು ಹಾಕಿ ಓಡಿಸಿದವನು ಇನ್ನೇನನ್ನು ಜೋಪಾನ ಮಾಡಿರ್ತಾನೆ, ಹೇಳಿ?

ಕಾಗದಪತ್ರ. ಕ್ಯಾಲಿಫೋರ್ನಿಯಾದಲ್ಲಿರುವವರು ಈ ಪ್ಯಾರಾ ಎರಡು ಸಲ ಓದಿ. ಅಲ್ಲಿ 1975ರವರೆಗಿನ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆ ಇಲ್ಲ. 1976ರಿಂದ ಆಚೆಗಿನವು ತಪಾಸಣೆ ಪಾಸಾಗಲೇಬೇಕು. ಅಂದರೆ ಎಲ್ಲರೂ ಬಯಸುವ ಮರದ ಸ್ಟಿಕ್ಕರಿನ ಲಿಮಿಟೆಡ್, ಗ್ರ್ಯಾಂಡ್‌ಗಳೆಲ್ಲ ತಪಾಸಣೆಯ ಪಟ್ಟಿಯಲ್ಲಿ. ಬೇರೆ ರಾಜ್ಯದ ಯಾವನೋ ಹಳೇ ಮಾಲೀಕ ಹೊಗೆ ನಿಯಂತ್ರಣದ ಪೈಪುಗಳನ್ನು ಕಿತ್ತು ಬಿಸಾಡಿದ್ದರೆ ಆ ಗಾಡಿ ನಿಮ್ಮ ಹೆಸರಿಗೆ ರಿಜಿಸ್ಟರ್ ಆಗೋದೇ ಕಷ್ಟ. ದುಡ್ಡು ಕೊಟ್ಟ ಮೇಲೆ ಇದು ಗೊತ್ತಾದರೆ ಅಂಗಳದಲ್ಲಿ ನಿಲ್ಲಿಸಿ ಪೂಜೆ ಮಾಡಬಹುದು ಅಷ್ಟೇ.

ಇನ್ನು ಪಟ್ಟಿಗಳಲ್ಲಿ ಯಾರೂ ದಪ್ಪ ಅಕ್ಷರದಲ್ಲಿ ಬರೆಯದ ವಿಷಯ. ಈ ಗಾಡಿಯ ಮೈಲೇಜ್ ಗ್ಯಾಲನ್ನಿಗೆ 11ರಿಂದ 13 ಮೈಲಿ, ಅಂದರೆ ಲೀಟರಿಗೆ ಐದು ಕಿಲೋಮೀಟರ್ ಆಸುಪಾಸು. ಅದನ್ನು ಹೇಗೋ ತಡೆದುಕೊಳ್ಳಬಹುದು. ಏರ್‌ಬ್ಯಾಗ್ ಒಂದೂ ಇಲ್ಲ. ಮೊದಮೊದಲ ಗಾಡಿಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬಹಳಷ್ಟು ವರ್ಷಗಳ ಮಾಡೆಲ್‌ಗಳಲ್ಲಿ ಹಿಂದಿನ ಸೀಟಿಗೆ ಸೊಂಟದ ಬೆಲ್ಟ್ ಮಾತ್ರ, ಮಕ್ಕಳ ಸೀಟು ಸಿಕ್ಕಿಸುವ ಇವತ್ತಿನ ಕೊಂಡಿಗಳೂ ಇಲ್ಲ. 'ಫ್ಯಾಮಿಲಿ ವ್ಯಾಗನ್' ಅಂತ ಮಾರುವ ಗಾಡಿಯ ಬಗ್ಗೆ ಇದನ್ನು ಕೊನೆಯ ಸಾಲಿನಲ್ಲಿ, 'ಆ ಕಾಲದ ಸೊಗಸು' ಅನ್ನುವ ಧಾಟಿಯಲ್ಲಿ ಹೇಳೋದಿದೆಯಲ್ಲ, ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಎರಡು ವರ್ಷದ ಮಗುವನ್ನು ದಿನಾ ಹೈವೇಯಲ್ಲಿ ಡೇಕೇರ್‌ಗೆ ಬಿಡೋಕೆ ಇದು ಗಾಡಿಯಲ್ಲ. ಭಾನುವಾರ ಬೆಳಿಗ್ಗೆ ಊರೊಳಗಿನ ನಿಧಾನದ ರಸ್ತೆ, ವರ್ಷಕ್ಕೆ ಒಂದೆರಡು ಸಲ ಕ್ಯಾಂಪಿಂಗ್, ಇಷ್ಟಕ್ಕೆ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಕೊಂಡ ಮೇಲೆ ಈ ಮಾತುಕತೆ ಜಗಳವಾಗುತ್ತೆ.

ಹಾಗಾದರೆ ಯಾವುದನ್ನು ಕೊಳ್ಳೋದು? ನನ್ನ ಮಟ್ಟಿಗೆ, ಸಾದಾ ಗಾಡಿಯನ್ನು. ಬಣ್ಣ ಸ್ವಲ್ಪ ಮಾಸಿದ್ದು, ಸ್ಟಿಕ್ಕರ್ ಅಲ್ಲಲ್ಲಿ ಎದ್ದಿದ್ದು, ಆದರೆ ನೆಲ ಗಟ್ಟಿ ಇರುವಂಥದ್ದು. ವಾರಕ್ಕೊಮ್ಮೆಯಾದರೂ ರಸ್ತೆಗಿಳಿಯುವಂಥದ್ದು, ಒಬ್ಬನೇ ಮಾಲೀಕ ವರ್ಷಗಟ್ಟಲೆ ರಿಪೇರಿ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡಿರುವಂಥದ್ದು. ಹತ್ತು ವರ್ಷ ಶೆಡ್ಡಿನಲ್ಲಿ ಮಲಗಿ ಕಳೆದ ತಿಂಗಳು ಪೇಂಟ್ ಹೊಡೆಸಿಕೊಂಡು ಎದ್ದದ್ದಕ್ಕಿಂತ ಅದು ಎಷ್ಟೋ ವಾಸಿ. ಇಟ್ಟ ಬಜೆಟ್ಟಿನಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಗಾಡಿಗೆ ಕೊಡಿ, ಉಳಿದ ಒಂದು ಪಾಲು ಮೊದಲ ವರ್ಷದ ರಿಪೇರಿಗೆ ಎತ್ತಿಡಿ. ಕೊಳ್ಳುವ ಮುಂಚೆಯೇ ನಿಮ್ಮ ಊರಲ್ಲಿ ಕಾರ್ಬುರೇಟರ್ ಬಿಚ್ಚೋಕೆ ಬರುವ ಒಬ್ಬ ಮೆಕ್ಯಾನಿಕ್ಕನ್ನು ಹುಡುಕಿ, ಅವನಿಗೆ ದುಡ್ಡು ಕೊಟ್ಟು ಗಾಡಿ ನೋಡೋಕೆ ಜೊತೆಗೆ ಕರಕೊಂಡು ಹೋಗಿ. ಅಂಥವನು ಸಿಗದಿದ್ದರೆ ಗಾಡಿ ಕೊಳ್ಳೋದನ್ನು ಮುಂದೂಡಿ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಾದಿರುವ ಗಾಡಿ, ಇನ್ನಾರು ತಿಂಗಳು ಕಾಯುತ್ತೆ.