ಬಣ್ಣದ ಸರದಿ ಕೊನೆಗೆ

ಈ ವಾರ ಕರ್ವ್ಸ್ ಎಂಬ ಎಡಿಟಿಂಗ್ ಸಾಧನದ ಕುರಿತು ಬರೆಯುವುದಾಗಿ ಹೇಳಿದ್ದೆ. ಅಷ್ಟರಲ್ಲಿ ಓದುಗರ ಪತ್ರಗಳು ಬಂದವು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಸಾರ್, ಫೋಟೊ ಎಡಿಟಿಂಗ್ ಕಲೀಬೇಕು, ಯಾವ ಸಾಫ್ಟ್‌ವೇರ್ ಸುಲಭ?" ಕರ್ವ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆಗೆ ಉತ್ತರ ಚಿಕ್ಕದು. ಫೋನಿಗೆ ಸ್ನ್ಯಾಪ್‌ಸೀಡ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ನಿಕ್ ಸಾಫ್ಟ್‌ವೇರ್ ಎಂಬ ಕಂಪನಿ 2011ರಲ್ಲಿ ಐಪ್ಯಾಡ್‌ಗೆಂದು ಮಾಡಿದ್ದು. ಮರುವರ್ಷ ಗೂಗಲ್ ಆ ಕಂಪನಿಯನ್ನೇ ಕೊಂಡು ಆಂಡ್ರಾಯ್ಡ್‌ಗೂ ತಂದಿತು. ಗೂಗಲ್‌ನದೇ ಹಳೆಯ ಫೋಟೊ ಸಾಫ್ಟ್‌ವೇರ್ ಪಿಕಾಸಾ ಬಳಸಿದ ಹಳಬರಿಗೆ ಅದರ ಒಂದು ಒಳ್ಳೆಯ ಗುಣ ನೆನಪಿರಬಹುದು. ನೀವು ಏನೇ ಮಾಡಿದರೂ ಮೂಲಚಿತ್ರವನ್ನು ಕೆಡಿಸುತ್ತಿರಲಿಲ್ಲ, ಬದಲಾವಣೆಗಳನ್ನು ಪಕ್ಕದಲ್ಲೊಂದು ಸಣ್ಣ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. 2016ರಲ್ಲಿ ಗೂಗಲ್ ಪಿಕಾಸಾಕ್ಕೆ ಬಾಗಿಲು ಹಾಕಿತು. ಆದರೆ ಆ ಗುಣ ಸ್ನ್ಯಾಪ್‌ಸೀಡಿಗೂ ಇದೆ, ಮಾಡಿದ ಕೆಲಸವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ದಾಖಲಾಗುತ್ತದೆ. ಮೂರನೆಯ ಮೆಟ್ಟಿಲಲ್ಲಿ ಕೈ ಜಾಸ್ತಿಯಾಗಿದ್ದರೆ ಅದೊಂದನ್ನೇ ತಿದ್ದಿ ಬರಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಡ.

ಹಾಗಾದರೆ ಫೋಟೊಶಾಪ್? 1990ರಿಂದ ಅದು ಬೆಳೆದು ಬೆಳೆದು ಪೋಸ್ಟರ್ ಮಾಡುವವರು, ಜಾಹೀರಾತಿನವರು, ಮುಖಪುಟ ಮಾಡುವವರು ಎಲ್ಲರಿಗೂ ಬೇಕಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ಊರ ಜಾತ್ರೆಯ ಫೋಟೊ ಸರಿಮಾಡಲು ಅದರ ಮುಕ್ಕಾಲುಪಾಲು ಮೆನು ಬೇಕಿಲ್ಲ. ರಾ ಫೈಲ್ ತೆಗೆಯುವ ಹಂತಕ್ಕೆ ಬಂದಮೇಲೆ ಲೈಟ್‌ರೂಮ್ ಇದೆ; ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಡಾರ್ಕ್‌ಟೇಬಲ್ ಇದೆ.

ಸಾಫ್ಟ್‌ವೇರಿನ ಮಾತು ಇಷ್ಟು ಸಾಕು. ಹೊಸಬರು ಎಡವುವುದು ಆಯ್ಕೆಯಲ್ಲಿ ಅಲ್ಲ, ಸರದಿಯಲ್ಲಿ. ಈ ಅಂಕಣದ ಕಾಯಂ ಓದುಗರಿಗೆ ನನ್ನ ಹಠ ಗೊತ್ತು: ಮೊದಲು ಕ್ರಾಪ್, ಆಮೇಲೆ ಬೆಳಕು, ಬಣ್ಣ ಕಟ್ಟಕಡೆಗೆ. ಆದರೆ ಆ್ಯಪ್ ತೆರೆದ ಕೂಡಲೇ ಬೆರಳು ಹೋಗಿ ನಿಲ್ಲುವುದು ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಮೇಲೆ. ಮಳೆಗಾಲದ ಆಗುಂಬೆ ಕಾಡು ಹೂವಿನಂಗಡಿಯ ಪ್ಲಾಸ್ಟಿಕ್ ಎಲೆಯ ಹಸಿರಿಗೆ ತಿರುಗುತ್ತದೆ, ಹಂಪಿಯ ಸಂಜೆ ನೇರಳೆಯಾಗುತ್ತದೆ.

ಬಣ್ಣ ಕೊನೆಗೆ ಎನ್ನುವುದಕ್ಕೆ ಕಾರಣವಿದೆ. ಕಾಂಟ್ರಾಸ್ಟ್ ಏರಿಸಿದರೆ ಹೆಚ್ಚಿನ ಸಾಫ್ಟ್‌ವೇರುಗಳಲ್ಲಿ ಬಣ್ಣವೂ ತಾನಾಗಿ ಗಾಢವಾಗುತ್ತದೆ. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಎಳೆಯುವುದರಿಂದ ಅವುಗಳ ನಡುವಿನ ಅಂತರವೇ ಹಿಗ್ಗುತ್ತದೆ, ಬಣ್ಣದ ಗಾಢತೆ ಎಂದರೆ ಆ ಅಂತರವೇ. ಮೊದಲೇ ಬಣ್ಣ ತುಂಬಿಟ್ಟು ಆಮೇಲೆ ಕಾಂಟ್ರಾಸ್ಟ್ ಮುಟ್ಟಿದರೆ ಎರಡೆರಡು ಸಲ ಬಣ್ಣ ಬಿದ್ದಂತೆ. ಬೆಳಕನ್ನು ಮೊದಲು ಸರಿಮಾಡಿದವರಿಗೆ ಎಷ್ಟೋ ಸಲ ಬಣ್ಣದ ಸ್ಲೈಡರ್ ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಕ್ರಾಪ್ ಎಂದರೆ ಅಂಚು ಕತ್ತರಿಸುವುದಷ್ಟೇ ಅಲ್ಲ. ವಿರೂಪಾಕ್ಷ ದೇವಾಲಯದ ಗೋಪುರವನ್ನು ಬುಡದಲ್ಲಿ ನಿಂತು ಫೋನ್ ಮೇಲೆತ್ತಿ ತೆಗೆದರೆ ಅದು ಹಿಂದಕ್ಕೆ ಒರಗಿದಂತೆ ಬರುತ್ತದೆ. ಪರ್ಸ್‌ಪೆಕ್ಟಿವ್ ಎಂಬ ಸಾಧನದಿಂದ ನೆಟ್ಟಗೆ ನಿಲ್ಲಿಸಬಹುದು, ಆದರೆ ಹಾಗೆ ಎಳೆದಾಗ ಎರಡೂ ಬದಿಯ ಒಂದಿಷ್ಟು ಚಿತ್ರ ಹೊರಗೆ ಬೀಳುತ್ತದೆ. ತೆಗೆಯುವಾಗಲೇ ಸುತ್ತ ಜಾಗ ಬಿಟ್ಟವರು ಬಚಾವ್. ಬೆಳಕಿನ ವಿಷಯವೂ ಹೀಗೆಯೇ. ಆಕಾಶ, ಚಿತ್ರದ ಕಪ್ಪಿನಿಂದ ಬಿಳುಪಿನವರೆಗಿನ ಹಂತ ತೋರಿಸುವ ಹಿಸ್ಟೊಗ್ರಾಮ್ ನಕ್ಷೆಯ ಬಲತುದಿಗೆ, 255ಕ್ಕೆ, ಹೋಗಿ ಬಡಿದಿದ್ದರೆ ಹೈಲೈಟ್ಸ್ ಎಷ್ಟು ಇಳಿಸಿದರೂ ಮೋಡ ಮರಳುವುದಿಲ್ಲ, ಬಿಳುಪು ಬೂದಿಯಾಗುತ್ತದೆ ಅಷ್ಟೆ.

ಇಷ್ಟು ಬರೆದದ್ದೇ ತಡ, ಒಂದು ಪಂಗಡದವರು ಹುಬ್ಬೇರಿಸುತ್ತಾರೆ ಎಂದು ಗೊತ್ತು. "ನಾನು ಎಡಿಟ್ ಮಾಡುವುದೇ ಇಲ್ಲ, ಕ್ಯಾಮೆರಾದಿಂದ ಬಂದಹಾಗೆಯೇ ತೋರಿಸುತ್ತೇನೆ" ಎನ್ನುವ ಮಡಿವಂತರು. ಇವರ ಜೊತೆ ನನಗೆ ಹಳೇ ಲೆಕ್ಕವಿದೆ, ಇವತ್ತು ಚುಕ್ತಾ ಮಾಡಿಬಿಡುತ್ತೇನೆ. ಸೆನ್ಸರಿನ ಒಂದೊಂದು ಬಿಂದುವೂ ಒಂದೇ ಬಣ್ಣ ಕಾಣುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜಾಲರಿಯಲ್ಲಿ ನಾಲ್ಕು ಬಿಂದುಗಳಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದ ಬಣ್ಣಗಳನ್ನು ಕ್ಯಾಮೆರಾದೊಳಗಿನ ಗಣಿತ ನೆರೆಹೊರೆಯ ಬಿಂದುಗಳನ್ನು ನೋಡಿ ಊಹಿಸುತ್ತದೆ. ಆಮೇಲೆ ವೈಟ್ ಬ್ಯಾಲೆನ್ಸ್, ಕಾಂಟ್ರಾಸ್ಟ್, ಶಾರ್ಪ್‌ನೆಸ್, ಗುಳ್ಳೆಗುಳ್ಳೆ ನಾಯ್ಸ್ ಒರೆಸುವುದು. ಎಲ್ಲ ಮುಗಿದು ಜೆಪೆಗ್ ಆಗುವಾಗ 12 ಬಿಟ್‌ನ 4096 ಹಂತಗಳು 256ಕ್ಕೆ ಇಳಿಯುತ್ತವೆ. ಫೋನ್ ಆದರೆ ನೀವು ಒಮ್ಮೆ ಒತ್ತಿದ್ದಕ್ಕೆ ಹಲವು ಚಿತ್ರ ತೆಗೆದು ಬೆಸೆದೂ ಬಿಟ್ಟಿರುತ್ತದೆ. ಅಂದರೆ ಎಡಿಟ್ ಆಗಿಯೇ ಆಗಿದೆ. ಮಾಡಿದವನು ಯಾವುದೋ ಕಂಪನಿಯ ಇಂಜಿನಿಯರ್, ಅವನು ನಿಮ್ಮೂರಿನ ಬೆಳಕನ್ನು ಕಂಡವನಲ್ಲ. ಅವನಿಗೆ ಕೊಟ್ಟ ಅಧಿಕಾರವನ್ನು ತಾವೇ ಇಟ್ಟುಕೊಳ್ಳಲು ಇವರಿಗೇಕೆ ಸಂಕೋಚವೋ ತಿಳಿಯದು.

ಮಡಿವಂತರು ಕೈಮುಗಿಯುವ ಪೂಜ್ಯರೊಬ್ಬರಿದ್ದಾರೆ, ಅಮೆರಿಕದ ಆನ್ಸೆಲ್ ಆಡಮ್ಸ್. 1932ರಲ್ಲಿ 'ಗ್ರೂಪ್ ಎಫ್ 64' ಕಟ್ಟಿ, ಚಿತ್ರಕಲೆಯನ್ನು ಅನುಕರಿಸುವ ಮಬ್ಬುಮಬ್ಬು ಫೋಟೊಗಳ ವಿರುದ್ಧ ಸಮರ ಸಾರಿದವರಲ್ಲಿ ಅವರೂ ಒಬ್ಬರು. ಸರಿ, ಅವರದೇ ಕಥೆ ಕೇಳಿ. ಅವರ 'ಎಗ್ಸಾಂಪಲ್ಸ್' ಪುಸ್ತಕ ನನ್ನ ಮಟ್ಟಿಗೆ ಪಾರಾಯಣದ ಗ್ರಂಥ. ಅದರಲ್ಲಿ 'ಮೂನ್‌ರೈಸ್, ಹೆರ್ನಾಂಡೆಝ್' ಚಿತ್ರ ಹುಟ್ಟಿದ ಬಗೆ ಬರುತ್ತದೆ. ನ್ಯೂ ಮೆಕ್ಸಿಕೊದಲ್ಲಿ ಕಾರಿನಲ್ಲಿ ಮರಳುತ್ತಿದ್ದಾಗ ರಸ್ತೆಬದಿಯಲ್ಲಿ ಸಣ್ಣ ಹಳ್ಳಿ, ಇಗರ್ಜಿ, ಸ್ಮಶಾನದ ಶಿಲುಬೆಗಳ ಮೇಲೆ ಇಳಿಬಿಸಿಲು, ಮೇಲೆ ಆಗಷ್ಟೇ ಏರಿದ ಚಂದ್ರ. ಕಾರು ನಿಲ್ಲಿಸಿ 8×10 ಇಂಚಿನ ಕ್ಯಾಮೆರಾ ಹೂಡುವ ಗಡಿಬಿಡಿಯಲ್ಲಿ ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರಡಿಗೆ 250 ಕ್ಯಾಂಡಲ್ ಎಂಬ ಅಂಕಿ ನೆನಪಿಗೆ ಬಂತು. ಅದರ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಎಫ್ 32ರಲ್ಲಿ ಒಂದು ಸೆಕೆಂಡ್ ಕೊಟ್ಟರು. ಇನ್ನೊಂದು ತೆಗೆಯೋಣ ಎನ್ನುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ತೆಗೆದ ದಿನ ಅವರಿಗೇ ನೆನಪಿರಲಿಲ್ಲ. ಚಂದ್ರನಿದ್ದ ಜಾಗದಿಂದ ಲೆಕ್ಕ ಹಾಕಿದವರು 1941ರ ನವೆಂಬರ್ 1 ಎಂದು ಆಮೇಲೆ ಗೊತ್ತುಮಾಡಿದರು.

ಮಡಿವಂತರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕಥೆ ಶುರುವಾಗುವುದು ಕತ್ತಲೆಕೋಣೆಯಲ್ಲಿ. ನೆಗೆಟಿವ್‌ನಲ್ಲಿ ಹಳ್ಳಿಯ ಭಾಗ ತೆಳುವಾಗಿ ಬಂದಿತ್ತು. 1948ರಲ್ಲಿ ಆಡಮ್ಸ್ ಆ ಭಾಗಕ್ಕಷ್ಟೇ ರಾಸಾಯನಿಕ ಹಾಕಿ ದಟ್ಟ ಮಾಡಿಕೊಂಡರು. ಪ್ರಿಂಟ್ ಹಾಕುವಾಗ ಆಕಾಶಕ್ಕೆ ಹೆಚ್ಚು ಬೆಳಕು ಬಿಟ್ಟು ಕಪ್ಪು ಮಾಡುವುದು, ಕಪ್ಪಾಗಬಾರದ ಕಡೆ ರಟ್ಟು ಅಡ್ಡ ಹಿಡಿಯುವುದು. ಮೊದಮೊದಲ ಪ್ರಿಂಟುಗಳಲ್ಲಿ ಆಕಾಶದ ತುಂಬ ನವಿರಾದ ಮೋಡಗಳಿವೆ. ದಶಕಗಳು ಕಳೆದಂತೆ ಅದೇ ಆಕಾಶ ಕಪ್ಪಾಗುತ್ತ ಹೋಗಿ ಚಂದ್ರನೊಬ್ಬನೇ ಉಳಿದ. ಸಾವಿರಕ್ಕೂ ಮೀರಿದ ಪ್ರಿಂಟ್‌ಗಳು ಈ ಒಂದು ನೆಗೆಟಿವ್‌ನಿಂದ ಬಂದಿವೆ. ಪಿಯಾನೊ ಕಲಿತಿದ್ದ ಈ ಮನುಷ್ಯ ನೆಗೆಟಿವನ್ನು ಸ್ವರಲಿಪಿಗೂ ಪ್ರಿಂಟನ್ನು ಕಛೇರಿಗೂ ಹೋಲಿಸುತ್ತಿದ್ದರು. ಅರವತ್ತು ದಾಟಿದ ಗಾಯಕ ಅದೇ ರಾಗವನ್ನು ಮೂವತ್ತರಲ್ಲಿ ಹಾಡಿದಂತೆ ಹಾಡಬೇಕೆಂದು ಯಾರೂ ಕೇಳುವುದಿಲ್ಲವಲ್ಲ.

ಆಡಮ್ಸ್ ರಟ್ಟು ಹಿಡಿದು ಮಾಡಿದ ಕೆಲಸ ಈಗ ನಿಮ್ಮ ಫೋನಿನಲ್ಲಿದೆ. ಸ್ನ್ಯಾಪ್‌ಸೀಡಿನ ಬ್ರಷ್ ತೆರೆದರೆ 'ಡಾಡ್ಜ್ ಆ್ಯಂಡ್ ಬರ್ನ್' ಎಂಬ ಹೆಸರೇ ಇದೆ, ಕತ್ತಲೆಕೋಣೆಯವರ ಮಾತೇ ಅದು. ಅದರ ಜೊತೆ 'ಸೆಲೆಕ್ಟಿವ್' ಕಲಿಯಿರಿ. ಅಜ್ಜಿಯ ಕೆನ್ನೆಯ ಮೇಲೆ ಒಂದು ಚುಕ್ಕೆ ಇಟ್ಟರೆ, ಸುತ್ತಮುತ್ತ ಅದೇ ಬಣ್ಣ, ಅದೇ ಬೆಳಕಿರುವ ಜಾಗವನ್ನು ಅದು ತಾನೇ ಆರಿಸಿಕೊಳ್ಳುತ್ತದೆ. ಎರಡು ಬೆರಳಿನಿಂದ ವೃತ್ತ ಚಿಕ್ಕದು ದೊಡ್ಡದು ಮಾಡಿ, ಮುಖಕ್ಕೆ ಮಾತ್ರ ಒಂದಿಷ್ಟು ಬೆಳಕು ಕೊಡಿ. ಹಿಂದಿನ ಗೋಡೆ ಇದ್ದ ಹಾಗೇ ಇರುತ್ತದೆ. ಇಡೀ ಚಿತ್ರವನ್ನು ಒಂದೇ ಸಲ ಬೆಳಗುವ ರೆಡಿಮೇಡ್ ಪ್ರಿಸೆಟ್‌ಗಳನ್ನು ದುಡ್ಡಿಗೆ ಮಾರುವವರಿದ್ದಾರೆ. ಕೊಳ್ಳಬೇಡಿ. ಅವು ಮಾಡಿದವರ ಬಿಸಿಲಿಗೆ ಹೊಂದಿಸಿದವು.

ಮುಖದ ಮಾತು ಬಂದಾಗ ನಮ್ಮ ಊರೂರ ಸ್ಟುಡಿಯೊಗಳಲ್ಲಿ ನಡೆಯುತ್ತಿದ್ದ ಟಚಿಂಗ್ ನೆನಪಾಗದೆ ಇರದು. ಕಣ್ಣಿನ ಕೆಳಗಿನ ಸುಕ್ಕು ನೆಗೆಟಿವ್‌ನಲ್ಲಿ ತೆಳು ಗೆರೆಯಾಗಿ ಬರುತ್ತದೆ. ಚೂಪು ಮಾಡಿದ ಗಟ್ಟಿ ಪೆನ್ಸಿಲ್‌ನಿಂದ ಆ ಗೆರೆಯನ್ನು ತುಂಬಿದರೆ ಅಲ್ಲಿ ಬೆಳಕು ತಡೆಯುತ್ತದೆ, ಪ್ರಿಂಟ್‌ನಲ್ಲಿ ಸುಕ್ಕು ಮಾಯ. ಒಳ್ಳೆಯ ಕೈಯವರು ಸುಕ್ಕನ್ನು ಹಗುರ ಮಾಡಿ ವಯಸ್ಸನ್ನು ಉಳಿಸುತ್ತಿದ್ದರು. ಉಳಿದವರ ಕೈಗೆ ಸಿಕ್ಕ ಮದುಮಕ್ಕಳು ಮೊಟ್ಟೆಯಂತೆ ನುಣ್ಣಗೆ, ಇದ್ದುದಕ್ಕಿಂತ ಬೆಳ್ಳಗೆ ಆಗುತ್ತಿದ್ದರು. ಬ್ಯೂಟಿ ಫಿಲ್ಟರ್ ಹೊಸ ಪಾಪವೇನಲ್ಲ. ಗಂಡಿನ ಮನೆಗೆ ಕಳಿಸುವ ಫೋಟೊದಲ್ಲಿ ಹುಡುಗಿಯ ಬಣ್ಣ ತಿದ್ದಿದ ದಿನದಿಂದ ಅದಿದೆ, ನನಗೆ ಆಗಲೂ ಅಸಹ್ಯ, ಈಗಲೂ ಅಸಹ್ಯ.

ಕೊನೆಯದಾಗಿ ಹೀಲಿಂಗ್. ಬೆರಳಾಡಿಸಿದರೆ ಬೇಡದ್ದೆಲ್ಲ ಮಾಯವಾಗುವುದರಿಂದ ಹೊಸಬರಿಗೆ ಇದರ ಹುಚ್ಚು ಬೇಗ ಹಿಡಿಯುತ್ತದೆ. ಚಿತ್ರದಲ್ಲಿದ್ದುದನ್ನೇ ಬದಲಿಸುವ ಈ ಹುಚ್ಚು ದೊಡ್ಡವರನ್ನೂ ಬಿಟ್ಟಿಲ್ಲ: 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯೋಗ್ರಫಿಕ್ ತನ್ನ ಉದ್ದುದ್ದ ಮುಖಪುಟಕ್ಕೆ ಹೊಂದಿಸಲು ಗೀಜಾದ ಪಿರಮಿಡ್ಡುಗಳನ್ನೇ ಹತ್ತಿರಕ್ಕೆ ಸರಿಸಿ ಬೈಸಿಕೊಂಡಿತು. ಮನೆಯ ಗೋಡೆಗೆ ಹಾಕುವ ಚಿತ್ರದಲ್ಲಿ ವಿದ್ಯುತ್ ತಂತಿ ಅಳಿಸಿ, ನಾನೇನೂ ಅನ್ನುವುದಿಲ್ಲ. ಸಲೋನ್ ಎಂಬ ಫೋಟೊ ಸ್ಪರ್ಧೆಗಳಿಗೆ ಕಳಿಸುವವರು ಮಾತ್ರ ಎಚ್ಚರ. ನೇಚರ್ ವಿಭಾಗದ ನಿಯಮದಂತೆ ಸೆನ್ಸರಿನ ಧೂಳಿನ ಕಲೆ ಒರೆಸಬಹುದು. ಮಿಂಚುಳ್ಳಿಯ ಪಕ್ಕದಲ್ಲಿ ತಲೆಹಾಕಿದ ಕಡ್ಡಿಯನ್ನು ಒರೆಸಿದರೆ ಚಿತ್ರ ಹೊರಕ್ಕೆ. ಅದೇ ನಿಯಮ ಕ್ರಾಪ್‌ಗೆ ಮಾತ್ರ ಅಡ್ಡಿಯಿಲ್ಲ ಎನ್ನುತ್ತದೆ. ಕಡ್ಡಿ ಅಂಚಿನಲ್ಲಿದ್ದರೆ ಕತ್ತರಿ ಹಾಕಿ ಕಳಿಸಿ. ನಡುವೆ ಇದ್ದರೆ ನಾಳೆ ಬೆಳಿಗ್ಗೆ ಮತ್ತೆ ಕೆರೆಯ ಹತ್ತಿರ ಹೋಗಿ, ಎರಡು ಹೆಜ್ಜೆ ಎಡಕ್ಕೆ ನಿಲ್ಲಿ.